ಆಗಬೋಟಿನ ಗುರುತು ಎಲ್ಲಿದೆ?

ಕಾರವಾರಕ್ಕೆ ಹೋದವರು ಟ್ಯಾಗೋರ್ ಕಡಲತೀರದಲ್ಲಿರುವ ಐಎನ್‌ಎಸ್ ಚಾಪೆಲ್ ಎದುರು ಸೆಲ್ಫಿ ತೆಗೆದುಕೊಳ್ಳದೆ ವಾಪಸಾಗುವುದಿಲ್ಲ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾದ ಯುದ್ಧನೌಕೆ ಅದು. ಉಳಿಸಿಕೊಂಡದ್ದು ಒಳ್ಳೆಯದೇ. ಆದರೆ ನಮ್ಮ ಕುಮಟಾ, ಹೊನ್ನಾವರ, ಭಟ್ಕಳಕ್ಕೆ ಅನ್ನ ಕೊಟ್ಟದ್ದು ಸರಕಿನ ಹಡಗುಗಳು. ಅವುಗಳ ಒಂದು ಬೋಲ್ಟನ್ನೂ ನಾನು ಎಲ್ಲೂ ನೋಡಿಲ್ಲ.

ನಮ್ಮಜ್ಜಿ ಈಗಲೂ ಸ್ಟೀಮರ್ ಅನ್ನುವುದಿಲ್ಲ, ‘ಆಗಬೋಟು’ ಅನ್ನುತ್ತಾರೆ. ಆಗ್ ಅಂದರೆ ಬೆಂಕಿ. ಕಲ್ಲಿದ್ದಲು ಉರಿಸಿ, ನೀರನ್ನು ಹಬೆ ಮಾಡಿ ಓಡುತ್ತಿದ್ದ ಬೋಟು. ಆಳ ಸಾಲದ ಕಡೆ ಅದು ದೂರದಲ್ಲೇ ಲಂಗರು ಹಾಕುತ್ತಿತ್ತಂತೆ. ಮೂಟೆಯೂ ಮನುಷ್ಯರೂ ದೋಣಿಯಲ್ಲಿ ಹೋಗಿ ಹತ್ತಬೇಕು. ಮಳೆಗಾಲ ಬಂತೆಂದರೆ ಎಲ್ಲವೂ ಬಂದ್.

ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು. ಅಲ್ಲಿಂದ ಮುಂಬೈಗೆ. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’! 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಭಾರತದ ಹತ್ತಿಗೆ ಎಲ್ಲಿಲ್ಲದ ಬೇಡಿಕೆ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರವಿತ್ತು. 1880ರ ದಶಕದಲ್ಲಿ ಗೋವಾದ ಮುರ್ಮಗೋವಾಕ್ಕೆ ರೈಲು ಬಂದಿತು. ಹತ್ತಿ ಆ ಕಡೆ ತಿರುಗಿತು. ಕುಮಟಾದ ವೈಭವ ಇಳಿಯಿತು.

ಅದೇ ಮುರ್ಮಗೋವಾದ ಸಮೀಪ, ಅಮೀ ಶೋಲ್ಸ್ ಎಂಬಲ್ಲಿ, ಮುಳುಗಿದ ಹಬೆ ಹಡಗೊಂದಿದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ನೀರಿಗಿಳಿದು ಅದರ ಬಾಯ್ಲರು, ಕುಲುಮೆಯ ಇಟ್ಟಿಗೆಗಳನ್ನು ಅಧ್ಯಯನ ಮಾಡಿದ್ದಾರೆ. ಮುಳುಗಿದ್ದನ್ನು ಮೇಲೆತ್ತಲೇಬೇಕೆಂದಿಲ್ಲ, ಇದ್ದಲ್ಲೇ ಕಾಪಾಡುವುದು ಮೊದಲ ಆಯ್ಕೆಯಾಗಬೇಕು ಎನ್ನುತ್ತದೆ ಯುನೆಸ್ಕೊದ 2001ರ ಒಪ್ಪಂದ.

ಎತ್ತಿದರೆ ಅದೆಷ್ಟು ಕೆಲಸ ಎಂಬುದಕ್ಕೆ ಆಸ್ಟ್ರೇಲಿಯಾದ ‘ಕ್ಸಾಂಥೊ’ ಸಾಕ್ಷಿ. 1848ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಈ ಹಬೆ ಹಡಗು 1872ರಲ್ಲಿ ಸೀಸದ ಅದಿರು ಹೊತ್ತು ಪೋರ್ಟ್ ಗ್ರೆಗರಿ ಬಳಿ ಮುಳುಗಿತು. 1979ರಲ್ಲಿ ಪತ್ತೆಯಾಗಿ, 1985ರಲ್ಲಿ ಎಂಜಿನ್ ಮೇಲೆ ಬಂತು. ಅದಕ್ಕೆ ಅಂಟಿದ್ದ ಗಟ್ಟಿ ಪದರ ಕೆರೆದು, ಕಬ್ಬಿಣದೊಳಗಿನ ಉಪ್ಪು ತೆಗೆಯಲು ದಶಕಗಳೇ ಹಿಡಿದವು. ಹಾಗೇ ಒಣಗಲು ಬಿಟ್ಟಿದ್ದರೆ ಒಡೆದು ಪುಡಿಯಾಗುತ್ತಿತ್ತು. ಈಗ ಅದನ್ನು ಕೈಯಿಂದ ತಿರುಗಿಸಬಹುದು!

ನಮ್ಮಲ್ಲಿ? ಎರಡು ವರ್ಷದ ಹಿಂದೆ ಪರಿಚಯದ ಮೀನುಗಾರರ ಬಲೆಗೆ ಮೊಳದುದ್ದದ ತುಕ್ಕು ಕಬ್ಬಿಣವೊಂದು ಸಿಕ್ಕಿತ್ತು. ಹರಿದ ಬಲೆಯ ಖರ್ಚಾದರೂ ಗಿಟ್ಟಲಿ ಎಂದು ಗುಜರಿಗೆ ಕೊಟ್ಟರು. ಅದು ಯಾವ ಕಾಲದ್ದೋ, ಯಾವ ಹಡಗಿನದೋ, ಕೇಳುವ ಮೊದಲೇ ತೂಕವಾಗಿ ಹೋಯಿತು. ಅವರನ್ನು ದೂರುವುದು ಹೇಗೆ? ‘ಇಲ್ಲಿ ತಂದು ತೋರಿಸಿ’ ಎಂದು ಹೇಳುವವರೇ ಊರಲ್ಲಿಲ್ಲ.

ದೊಡ್ಡ ಮ್ಯೂಸಿಯಂ ಬೇಡ. ಬಂದರಿನಲ್ಲಿ ಒಂದು ಕೋಣೆ, ಒಂದು ದಾಖಲೆ ಪುಸ್ತಕ ಸಾಕು. ಬಲೆಗೆ ಬಂದದ್ದರ ಫೋಟೊ, ಸಿಕ್ಕಿದ ಜಾಗ, ದಿನಾಂಕ ಬರೆದಿಟ್ಟರೆ ಮುಂದೆ ಸಂಶೋಧಕರಿಗೆ ದಾರಿಯಾದೀತು. ಹರಿದ ಬಲೆಗೆ ಸ್ವಲ್ಪ ಪರಿಹಾರವೂ ಸಿಗುವಂತಾದರೆ ಗುಜರಿಯ ದಾರಿ ಯಾರೂ ಹಿಡಿಯಲಿಕ್ಕಿಲ್ಲ. ಅಲ್ಲಿಯವರೆಗೆ, ಕಾಲೇಜು ಓದುವ ನಾವಾದರೂ ಮನೆಯ ಹಿರಿಯರ ಆಗಬೋಟಿನ ನೆನಪುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳೋಣ. ಕಬ್ಬಿಣ ನೀರಡಿಯಲ್ಲಿ ಇನ್ನೊಂದಿಷ್ಟು ಕಾಲ ಕಾದೀತು, ಅಜ್ಜಿಯಂದಿರಿಗೆ ಅಷ್ಟು ಪುರುಸೊತ್ತಿಲ್ಲ.