ರೋಗಿಗೊಂದು ಸಜ್ದಾ ಬಟ್ಟೆ: ಹೆಣೆಯುವ ಮುನ್ನ

ರೋಗಿಯನ್ನು ಕಂಡು ಬರುವುದು ಒಬ್ಬ ಮುಸ್ಲಿಮನಿಗೆ ಇನ್ನೊಬ್ಬ ಮುಸ್ಲಿಮನ ಮೇಲಿರುವ ಹಕ್ಕುಗಳಲ್ಲಿ ಒಂದು. ಈ ವಿಷಯದ ಜುಮಾ ಖುತ್ಬಾದ ಸಾರಾಂಶ ಈ ಪುಟಗಳಲ್ಲಿ ಬಂದಾಗಲೆಲ್ಲ ಸಹೋದರಿಯರ ಕಡೆಯಿಂದ ಬರುವ ಪ್ರಶ್ನೆ ಒಂದೇ: ಬರಿಗೈಯಲ್ಲಿ ಹೇಗೆ ಹೋಗುವುದು? ಹಣ್ಣು ಒಯ್ದರೆ ರೋಗಿಗೆ ಸಕ್ಕರೆ ಕಾಯಿಲೆ. ಬಿಸ್ಕತ್ತು ಒಯ್ದರೆ ಹಾಸಿಗೆ ಪಕ್ಕದ ಕಪಾಟಿನಲ್ಲಿ ಆಗಲೇ ನಾಲ್ಕು ಪೊಟ್ಟಣ. ಈಚೆಗೆ ಈ ಪ್ರಶ್ನೆಗೆ ಇನ್ನೆರಡು ಸೇರಿವೆ. ಮನೆಯಲ್ಲೇ ಕ್ರೋಶಾ ಕಡ್ಡಿಯಿಂದ ಪುಟ್ಟ ಸಜ್ದಾ ಬಟ್ಟೆ ಹೆಣೆದು ಕೊಡಬಹುದೇ? ಒಂದೊಂದು ಕಣ್ಣಿಗೂ ದುಆ ಓದಿ ಹೆಣೆದರೆ ಅದರಲ್ಲಿ ಶಿಫಾ ಇರುತ್ತದೆಯೇ?

ಕೊಡಬಹುದೇ ಎಂದರೆ ಖಂಡಿತ ಕೊಡಬಹುದು, ಒಳ್ಳೆಯ ಉಡುಗೊರೆ. ಅದರಲ್ಲಿ ಶಿಫಾ ಇದೆಯೇ ಎಂದರೆ, ಇಲ್ಲ. ಬಟ್ಟೆಯಲ್ಲಿ ಶಿಫಾ ಇಲ್ಲದಿದ್ದರೂ ಅದು ರೋಗಿಗೆ ಹೇಗೆ ಸಮಾಧಾನ ಕೊಡುತ್ತದೆ ಎಂಬುದನ್ನೇ ಇಲ್ಲಿ ವಿವರಿಸುತ್ತೇವೆ.

ಕ್ರೋಶಾ ನಮ್ಮ ಕಡೆ ಹೊಸ ವಿದ್ಯೆಯಲ್ಲ. ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲಿ ಕುಳಿತ ಎಷ್ಟೋ ಹೆಣ್ಣುಮಕ್ಕಳು ಸೀರೆಗೆ ಕ್ರೋಶಾ ಕುಚ್ಚು ಹಾಕಿ ಸಂಸಾರಕ್ಕೆ ನಾಲ್ಕು ಕಾಸು ಸೇರಿಸುತ್ತಾರೆ. ಉರ್ದು ಮಾತಾಡುವ ಮನೆಗಳಲ್ಲಿ ಇದಕ್ಕೆ ಕ್ರೋಶಿಯಾ ಎನ್ನುವುದು ವಾಡಿಕೆ. ನಮಾಝಿನ ಜಾಲಿ ಟೋಪಿ ಹೆಣೆಯುವುದೂ ಇದೇ ಕಡ್ಡಿಯಿಂದ. ಮೂಲದಲ್ಲಿ ಅದು ಫ್ರೆಂಚ್ ಪದ, ಅರ್ಥ ಪುಟ್ಟ ಕೊಕ್ಕೆ. 1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನ ಹೆಂಗಸರು ಇದೇ ಕೊಕ್ಕೆ ಹಿಡಿದು ಲೇಸ್ ಹೆಣೆದು ಮನೆಯವರ ಹೊಟ್ಟೆ ಹೊರೆದರು. ಕೈಕಸುಬಿನ ಗೌರವ ನಮಗೆ ಅದಕ್ಕಿಂತ ಹಳೆಯದು. ಉಮ್ಮುಲ್ ಮುಅ್‌ಮಿನೀನ್ ಝೈನಬ್ ಬಿಂತ್ ಜಹಶ್(ರ) ತಮ್ಮ ಕೈಯಾರೆ ದುಡಿದು, ಬಂದದ್ದನ್ನು ಸದಕಾ ಮಾಡುತ್ತಿದ್ದರು. ಪ್ರವಾದಿ ಪತ್ನಿಯರಲ್ಲಿ ಯಾರ ಕೈ ಉದ್ದವೋ ಅವರು ಮೊದಲು ತಮ್ಮನ್ನು ಸೇರುವರೆಂದು ಪ್ರವಾದಿ(ಸ)ರು ಹೇಳಿದ್ದರು. ಆ ಉದ್ದ ಗೇಣು ಹಾಕಿ ಅಳೆಯುವ ಉದ್ದವಲ್ಲ, ದಾನದ ಉದ್ದ ಎಂಬುದು ಝೈನಬ್(ರ) ತೀರಿಕೊಂಡಾಗ ಉಳಿದವರಿಗೆ ತಿಳಿಯಿತು.

ಇನ್ನು ಬಟ್ಟೆಯ ವಿಷಯ. ಹಣೆಯಿಡುವಷ್ಟೇ ಪುಟ್ಟ ಮುಸಲ್ಲಾ ಹೊಸ ಕಲ್ಪನೆಯಲ್ಲ. ಪ್ರವಾದಿ(ಸ)ರು ಖುಮ್ರಾದ ಮೇಲೆ ನಮಾಝ್ ಮಾಡುತ್ತಿದ್ದರೆಂದು ಹಝ್ರತ್ ಮೈಮೂನಾ(ರ) ವರದಿ ಮಾಡಿದ್ದು ಬುಖಾರಿಯಲ್ಲಿದೆ. ಖುಮ್ರಾ ಎಂದರೆ ಖರ್ಜೂರದ ಗರಿಯನ್ನು ದಾರದಿಂದ ಹೆಣೆದ ಸಣ್ಣ ಚಾಪೆ; ಮುಖ ಮತ್ತು ಎರಡು ಅಂಗೈ ಇಡಲು ಸಾಕಾಗುವಷ್ಟು. ಸುಡುವ ಬಿಸಿಲಿನಲ್ಲಿ ನೆಲಕ್ಕೆ ಹಣೆ ತಾಗಿಸಲಾಗದಿದ್ದಾಗ ಸಹಾಬಿಗಳು ತಮ್ಮ ಬಟ್ಟೆಯ ಅಂಚನ್ನೇ ಹರಡಿ ಸಜ್ದಾ ಮಾಡುತ್ತಿದ್ದರೆಂದು ಅನಸ್(ರ) ಹೇಳಿದ್ದಾರೆ. ಹಾಗೆಂದು ಬಟ್ಟೆ ನಮಾಝಿನ ಷರತ್ತಲ್ಲ. ಈ ಉಮ್ಮತ್ತಿಗೆ ಇಡೀ ಭೂಮಿಯನ್ನೇ ಮಸ್ಜಿದ್ ಮಾಡಿಕೊಡಲಾಗಿದೆ. ಶುದ್ಧ ನೆಲವಿದ್ದರೆ ಅಷ್ಟೇ ಸಾಕು.

ಹಾಗಾದರೆ ಆಸ್ಪತ್ರೆಯಲ್ಲಿ ಅದರ ಉಪಯೋಗವೇನು? ಮನಸ್ಸಿನ ಅನುಮಾನ ಕಳೆಯುವುದು. ವಾರ್ಡಿನ ನೆಲ, ಕಾರಿಡಾರಿನ ಮೂಲೆ, ಮೆಟ್ಟಿಲ ಕೆಳಗಿನ ಜಾಗ, ಇವುಗಳಲ್ಲಿ ಯಾರು ಏನು ಚೆಲ್ಲಿದ್ದಾರೋ ಎಂಬ ವಸ್ವಾಸ್ ನಮಾಝಿಯನ್ನು ಕಾಡುತ್ತದೆ. ಸಂಶಯದಿಂದ ಝುಹ್ರ್ ತಪ್ಪುತ್ತದೆ, ಅದರ ಹಿಂದೆ ಅಸ್ರ್ ತಪ್ಪುತ್ತದೆ. ಮನೆಗೆ ಹೋದ ಮೇಲೆ ಎಲ್ಲ ಒಟ್ಟಿಗೆ ಕಝಾ ಮಾಡೋಣ ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಹಾಸಿಗೆ ಹಿಡಿದವರು ನಮಾಝನ್ನೂ ಕಳೆದುಕೊಂಡರೆ ಅವರ ಮನಸ್ಸಿಗೆ ಆಧಾರ ಎಲ್ಲಿಯದು? ತನಗಾಗಿ ಯಾರೋ ಹೆಣೆದ ಅಂಗೈಯಗಲದ ಬಟ್ಟೆಯೊಂದು ಕೈಗೆ ಬಂದಾಗ ಆ ಸಂಶಯ ಮುಗಿಯುತ್ತದೆ. ಸಮಾಧಾನ ಬರುವುದು ಅಲ್ಲಿಂದ, ನೂಲಿನಿಂದಲ್ಲ.

ಆದರೆ ರೋಗಿಗೆ ಕೊಡುವವರು ಮೊದಲು ಕೇಳಬೇಕಾದದ್ದು, ಅವರಿಗೆ ಸಜ್ದಾ ಮಾಡುವ ಸ್ಥಿತಿ ಇದೆಯೇ ಎಂಬುದು. ಎದೆಯ ಮೂಳೆ ಸೀಳಿ ಹೃದಯದ ಶಸ್ತ್ರಚಿಕಿತ್ಸೆ ಆದವರಿಗೆ ವಾರಗಟ್ಟಲೆ ಕೈಯ ಮೇಲೆ ಭಾರ ಹಾಕಬೇಡಿ ಎನ್ನುತ್ತಾರೆ. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಕೆಲ ದಿನ ತಲೆ ಬಗ್ಗಿಸಬೇಡಿ ಎನ್ನುತ್ತಾರೆ. ನಮ್ಮ ಬಟ್ಟೆ ನೋಡಿದ ಸಂಕೋಚಕ್ಕೆ ಅಂಥವರು ಬಗ್ಗಲು ಹೋದರೆ ಉಡುಗೊರೆಯೇ ಅಪಾಯವಾಯಿತು. ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ)ರು ನಿಂತು ನಮಾಝ್ ಮಾಡಲು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡಲು ಹೇಳಿದರು. ರುಕೂ ಸಜ್ದಾ ಆಗದವರು ತಲೆಯ ಸನ್ನೆಯಿಂದ ಮಾಡುತ್ತಾರೆ. ಸಜ್ದಾದ ಸನ್ನೆ ರುಕೂವಿನ ಸನ್ನೆಗಿಂತ ತುಸು ಹೆಚ್ಚು ಬಾಗಿರುತ್ತದೆ. ಅಷ್ಟೇ. ದಿಂಬನ್ನೋ ಬಟ್ಟೆಯನ್ನೋ ಹಣೆಯತ್ತ ಎತ್ತಿ ತಾಗಿಸಿಕೊಳ್ಳುವುದು ಬೇಕಿಲ್ಲ, ಹನಫಿ ಫಿಕ್ಹಿನಲ್ಲಿ ಅದು ಮಕ್ರೂಹ್. ದಿಂಬಿನ ಮೇಲೆ ಸಜ್ದಾ ಮಾಡುತ್ತಿದ್ದ ರೋಗಿಯೊಬ್ಬರ ದಿಂಬನ್ನು ಪ್ರವಾದಿ(ಸ)ರು ತೆಗೆದುಹಾಕಿ, ಸನ್ನೆಯಿಂದ ಮಾಡಲು ಹೇಳಿದ ವರದಿ ಜಾಬಿರ್(ರ)ರಿಂದ ಬಂದಿದೆ. ಇದನ್ನು ತಿಳಿಸಿಕೊಡುವುದು ನಾವು ಒಯ್ಯುವ ಬಟ್ಟೆಗಿಂತ ದೊಡ್ಡ ಉಡುಗೊರೆ. ಎಷ್ಟೋ ಹಿರಿಯರು ನಮಾಝ್ ಬಿಟ್ಟಿರುವುದು ಸೋಮಾರಿತನದಿಂದಲ್ಲ, ಹೀಗೂ ಮಾಡಬಹುದೆಂದು ಗೊತ್ತಿಲ್ಲದೆ.

ಸಜ್ದಾ ಮಾಡಲಾಗದ ರೋಗಿಗೆ ಹಾಗಾದರೆ ಏನು? ನಮ್ಮ ಅಭಿಪ್ರಾಯ ಕೇಳಿದರೆ, ಬಟ್ಟೆ ಹೆಣೆದು ಅವರ ಜೊತೆಗಿರುವವರಿಗೆ ಕೊಡಿ. ಬೊಮ್ಮಸಂದ್ರದ ನಾರಾಯಣ ಹೃದಯಾಲಯದ ಸುತ್ತಮುತ್ತ ಒಮ್ಮೆ ನಡೆದು ನೋಡಿ. ಪಶ್ಚಿಮ ಬಂಗಾಳ, ಅಸ್ಸಾಂ, ಬಾಂಗ್ಲಾದೇಶದಿಂದ ಬಂದ ಕುಟುಂಬಗಳು ಲಾಡ್ಜ್‌ಗಳಲ್ಲಿ ವಾರಗಟ್ಟಲೆ ಇರುತ್ತವೆ. ಅಂಗಡಿಗಳ ಬೋರ್ಡುಗಳಲ್ಲೂ ಬಂಗಾಳಿ ಅಕ್ಷರ ಕಾಣುತ್ತದೆ. ವೈಟ್‌ಫೀಲ್ಡಿನಲ್ಲಿ 2001ರಿಂದ ಹಣ ಪಡೆಯದೆ ಚಿಕಿತ್ಸೆ ಕೊಡುತ್ತಿರುವ ಸತ್ಯಸಾಯಿ ಆಸ್ಪತ್ರೆಗೂ ದೂರದೂರದಿಂದ ಜನ ಬರುತ್ತಾರೆ. ರೋಗಿಗೆ ಹಾಸಿಗೆಯಾದರೂ ಇದೆ. ಹೊರಗೆ ಕಾಯುವ ತಾಯಿಗೆ, ಗಂಡನಿಗೆ, ಅಣ್ಣನಿಗೆ ಒಂದು ಬೆಂಚು ಸಿಕ್ಕರೆ ಪುಣ್ಯ. ನೋಡಲು ಬಂದವರೆಲ್ಲ ರೋಗಿಯನ್ನು ವಿಚಾರಿಸುತ್ತಾರೆ, ಇವರನ್ನು ವಿಚಾರಿಸುವವರು ಕಡಿಮೆ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಬೊಮ್ಮಸಂದ್ರದವರೆಗೆ ಬಂದಿದೆ, ದೂರವೆಂಬ ನೆಪ ಈಗ ಅಷ್ಟಾಗಿ ನಡೆಯುವುದಿಲ್ಲ.

ಹೆಣಿಗೆಗೆ ಬರೋಣ. ನೂಲು ಹತ್ತಿಯದೇ ಇರಲಿ. ಅಕ್ರಿಲಿಕ್ ಉಣ್ಣೆ ಅಗ್ಗ, ಬಣ್ಣವೂ ಚೆಂದ, ಆದರೆ ಬೆವರು ಹೀರುವುದಿಲ್ಲ, ಬಿಸಿ ನೀರಿನ ಒಗೆತಕ್ಕೆ ಆಕಾರ ಕೆಡುತ್ತದೆ, ನಾರು ಏಳುತ್ತದೆ. ಆಸ್ಪತ್ರೆಯ ಬಟ್ಟೆಯನ್ನು ಬಿಸಿ ನೀರಿನಲ್ಲಿ ಒಗೆಯಲೇಬೇಕು. ಚಿಕ್ಕಪೇಟೆ ಕಡೆಯ ನೂಲಿನ ಅಂಗಡಿಗಳಲ್ಲಿ ನಾಲ್ಕೆಳೆಯ ಹತ್ತಿ ನೂಲು ಕೇಳಿ. 50 ಗ್ರಾಮಿನ ಎರಡು ಉಂಡೆ ಒಂದು ಬಟ್ಟೆಗೆ ಸಾಕು. ಕಡ್ಡಿ 3 ಮಿಲಿಮೀಟರಿನದು. ಕುಚ್ಚು ಹಾಕಿ ಪಳಗಿದ ಕೈ ರೇಷ್ಮೆ ದಾರವನ್ನು ಬಿಗಿಯಾಗಿ ಎಳೆದು ಅಭ್ಯಾಸವಾಗಿರುತ್ತದೆ, ಅಂಥವರು 3.5ರ ಕಡ್ಡಿ ಹಿಡಿಯುವುದು ಮೇಲು, ಇಲ್ಲವಾದರೆ ಬಟ್ಟೆ ಹಲಗೆಯಂತಾಗುತ್ತದೆ.

ಅಳತೆ ಖುಮ್ರಾದ್ದೇ: ಅಗಲ 45 ಸೆಂಟಿಮೀಟರ್, ಉದ್ದ 30. ಸುಮಾರು 100 ಚೈನ್ ಹಾಕಿ, ಸಿಂಗಲ್ ಕ್ರೋಶಾದಲ್ಲಿ 70-80 ಸಾಲು ಹೋದರೆ ಅಲ್ಲಿಗೆ ಬರುತ್ತದೆ. ಕೈಯಿಂದ ಕೈಗೆ ಇದು ಬದಲಾಗುತ್ತದೆ, ಆದ್ದರಿಂದ ಮೊದಲು ನಾಲ್ಕು ಬೆರಳಗಲದ ಮಾದರಿ ಹೆಣೆದು ಅಳೆದುಕೊಳ್ಳಿ. ಪ್ರತಿ ಸಾಲಿನ ಕೊನೆಗೆ ಕಣ್ಣು ಎಣಿಸಿ. ತಿರುಗುವಾಗ ಒಂದು ಕಣ್ಣು ತಪ್ಪುತ್ತಾ ಹೋದರೆ ಮುಗಿಯುವ ಹೊತ್ತಿಗೆ ಚೌಕದ ಬದಲು ಗಾಳಿಪಟವಾಗಿರುತ್ತದೆ.

ಸಿಂಗಲ್ ಕ್ರೋಶಾವನ್ನೇ ಹೇಳುವುದಕ್ಕೆ ಕಾರಣವಿದೆ. ಸಜ್ದಾದಲ್ಲಿ ಹಣೆ ಗಟ್ಟಿಯಾಗಿ ಊರಬೇಕು. ಹನಫಿಗಳಿಗೂ ಶಾಫಿಈಗಳಿಗೂ ಇದು ಮುಖ್ಯ. ಉಬ್ಬು ಹೂಗಳು, ಗುಂಡು ಗುಂಡು ವಿನ್ಯಾಸ, ಮೆತ್ತನೆಯ ದಪ್ಪ ಹೆಣಿಗೆ ನೋಡಲು ಸೊಗಸು, ಆದರೆ ಹಣೆ ಅದರಲ್ಲಿ ತೇಲುತ್ತದೆ ಅಥವಾ ಚುಚ್ಚುತ್ತದೆ. ಚಪ್ಪಟೆಯಾದ ಬಟ್ಟೆಯೇ ಇಲ್ಲಿ ಒಳ್ಳೆಯ ಕೆಲಸಗಾರಿಕೆ. ಬಣ್ಣದಲ್ಲೂ ಹಾಗೆಯೇ. ಪ್ರವಾದಿ(ಸ)ರು ಒಮ್ಮೆ ವಿನ್ಯಾಸವಿದ್ದ ಕಂಬಳಿ ಧರಿಸಿ ನಮಾಝ್ ಮಾಡಿ, ಅದರ ಚಿತ್ತಾರ ತಮ್ಮ ಗಮನ ಸೆಳೆಯಿತೆಂದು ಅದನ್ನು ಅಬೂ ಜಹ್ಮ್(ರ)ರಿಗೆ ಕಳಿಸಿ, ಬದಲಿಗೆ ಅವರ ಸಾದಾ ಕಂಬಳಿ ತರಿಸಿಕೊಂಡರು. ಒಂದೇ ಬಣ್ಣ ಸಾಕು. ಹಣೆಯಿಡುವ ಕಡೆ ತಿಳಿಯಲು ಮೇಲಂಚಿನಲ್ಲಿ ಬೇರೆ ಬಣ್ಣದ ಒಂದು ಸಾಲು ಇರಲಿ. ಅಲ್ಲಾಹನ ಹೆಸರು, ಆಯತ್, ಕಅಬಾದ ಚಿತ್ರ ಖಂಡಿತ ಬೇಡ. ಈ ಬಟ್ಟೆ ಮಂಚದಿಂದ ಜಾರುತ್ತದೆ, ಕಾಲಿಗೆ ಸಿಗುತ್ತದೆ, ಮದ್ದಿನ ಚೀಲದಲ್ಲಿ ಮುದ್ದೆಯಾಗುತ್ತದೆ.

ಈಗ ಉಳಿದ ಕಠಿಣ ಪ್ರಶ್ನೆ. ಒಂದೊಂದು ಕಣ್ಣಿಗೂ ಆಯತ್ ಓದಿ ಊದಿ ಹೆಣೆಯುವುದು ಸರಿಯೇ? ಕ್ರೋಶಾದ ಪ್ರತಿ ಕಣ್ಣೂ ನೋಡಲು ಒಂದು ಗಂಟಿನಂತೆಯೇ. ಗಂಟುಗಳಿಗೆ ಊದುವವರ ಕೆಡುಕಿನಿಂದ ಅಭಯ ಕೇಳಲು ಸೂರಃ ಅಲ್‌ಫಲಕ್ ನಮಗೆ ಕಲಿಸುತ್ತದೆ. ನಿಮ್ಮ ನಿಯ್ಯತ್ ಒಳ್ಳೆಯದೇ ಇರಬಹುದು, ಆದರೆ ಇಷ್ಟು ಹತ್ತಿರದ ಹೋಲಿಕೆಯಿಂದ ದೂರವಿರುವುದು ಕ್ಷೇಮ. ತಾಯಿತದ ಬಗ್ಗೆ ಉಲಮಾಗಳ ಚರ್ಚೆ ಬೇರೆಯೇ ಇದೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ಕೈ ಹೆಣೆಯುತ್ತಿರುವಾಗ ನಾಲಿಗೆ ರೋಗಿಗಾಗಿ ದುಆ ಮಾಡುತ್ತಿರಲಿ, ಝಿಕ್ರ್ ಮಾಡುತ್ತಿರಲಿ, ಅದಕ್ಕೆ ತಡೆಯಿಲ್ಲ. (ಎಣಿಕೆ ಮಾತ್ರ ತಪ್ಪುತ್ತದೆ, ಅದಕ್ಕೆ ಸಿದ್ಧರಿರಿ.) ಆ ದುಆ ಅಲ್ಲಾಹನನ್ನು ಸೇರುತ್ತದೆ, ನೂಲಿನಲ್ಲಿ ಉಳಿದುಕೊಳ್ಳುವುದಿಲ್ಲ. ಬಟ್ಟೆಯನ್ನು ದಿಂಬಿನ ಕೆಳಗಿಟ್ಟರೆ ಜ್ವರ ಇಳಿಯುತ್ತದೆ, ನೋವಿದ್ದಲ್ಲಿ ಇಟ್ಟರೆ ವಾಸಿಯಾಗುತ್ತದೆ ಎಂದು ಹೇಳಿ ಕೊಡುವುದು ಅಮಾಯಕ ರೋಗಿಗೆ ಮಾಡುವ ಅನ್ಯಾಯ. ಜ್ವರ ಇಳಿಯದಿದ್ದಾಗ ಅವರು ಯಾರನ್ನು ದೂರಬೇಕು? ಬಟ್ಟೆಯನ್ನೇ, ತಮ್ಮ ಈಮಾನನ್ನೇ? ಶಿಫಾಗಾಗಿ ಓದುವುದಿದ್ದರೆ ಸುನ್ನತ್ತಿನಲ್ಲಿರುವಂತೆ ರೋಗಿಯ ಬಳಿ ಕುಳಿತು ಓದಿ. ಮದ್ದು ತಪ್ಪಿಸಬೇಡಿ ಎಂದೂ ಹೇಳಿ.

ಮುಟ್ಟಿನ ದಿನಗಳಲ್ಲಿ ಇದನ್ನು ಹೆಣೆಯಬಹುದೇ ಎಂದು ಕೇಳಲು ಹಲವರು ಸಂಕೋಚಪಡುತ್ತಾರೆ. ಇದಕ್ಕೆ ನೇರ ಉತ್ತರ ಖುಮ್ರಾದ ಹದೀಸಿನಲ್ಲೇ ಇದೆ. ಮಸ್ಜಿದಿನಿಂದ ಖುಮ್ರಾ ಎತ್ತಿಕೊಡಲು ಪ್ರವಾದಿ(ಸ)ರು ಹೇಳಿದಾಗ ಆಯಿಶಾ(ರ) ತಾನು ಮುಟ್ಟಾಗಿದ್ದೇನೆ ಎಂದರು. ಮುಟ್ಟು ನಿನ್ನ ಕೈಯಲ್ಲಿಲ್ಲವಲ್ಲ ಎಂಬರ್ಥದ ಉತ್ತರ ಬಂತು. ಮುಸ್ಲಿಮ್ ಗ್ರಂಥದಲ್ಲಿರುವ ವರದಿ ಇದು. ನಮಾಝಿನಿಂದ ಬಿಡುವಿರುವ ಆ ದಿನಗಳಲ್ಲೇ ಕಡ್ಡಿ ಹಿಡಿಯಿರಿ.

ಕೊಡುವ ಮುನ್ನ ಒಮ್ಮೆ ಒಗೆದು, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಹಾಕಿ, ಶುಭ್ರ ಕವರಿನಲ್ಲಿಡಿ. ಐಸಿಯು ಒಳಗೆ ಹೊರಗಿನ ಬಟ್ಟೆ ಒಯ್ಯಬೇಡಿ. ವಾರ್ಡಿನಲ್ಲೂ ಸಿಸ್ಟರನ್ನು ಕೇಳಿಯೇ ಕೊಡಿ. ಜೊತೆಗೊಂದು ಚೀಟಿಯಲ್ಲಿ ಕಿಬ್ಲಾದ ದಿಕ್ಕು ಬರೆದಿಟ್ಟರೆ ಬಹಳ ಉಪಕಾರ. ಬೆಂಗಳೂರಿನಿಂದ ಕಿಬ್ಲಾ ಪಶ್ಚಿಮದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ ವಾಲಿದೆ. ಕಿಟಕಿಯ ಎಡಕ್ಕೋ ಬಾಗಿಲಿನ ಕಡೆಗೋ ಎಂದು ಆ ಕೋಣೆಯ ಗುರುತಿನಲ್ಲೇ ಬರೆಯಿರಿ. ಹೆಚ್ಚು ಹೊತ್ತು ಕೂರಬೇಡಿ.

ಪಕ್ಕದ ಹಾಸಿಗೆಯವರನ್ನೂ ವಿಚಾರಿಸಿ ಬನ್ನಿ. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಹುಡುಗ ಕಾಯಿಲೆ ಬಿದ್ದಾಗ ಪ್ರವಾದಿ(ಸ)ರು ಅವನ ಮನೆಗೆ ಹೋಗಿ ತಲೆಯ ಬಳಿ ಕುಳಿತಿದ್ದರು. ಉಮರ್(ರ) ತಮಗೆ ಬಂದ ಬೆಲೆಬಾಳುವ ಉಡುಪನ್ನು ಮಕ್ಕಾದಲ್ಲಿದ್ದ, ಇಸ್ಲಾಮ್ ಸ್ವೀಕರಿಸದ ಸಹೋದರನಿಗೆ ಕಳಿಸಿದ್ದರು. ಅದೇ ನೂಲಿನಲ್ಲಿ ಹೆಣೆದ ಕರವಸ್ತ್ರವೋ ನೀರಿನ ಬಾಟಲಿಯ ಚೀಲವೋ ಅವರಿಗೂ ಆಗುತ್ತದೆ.

ಕೊಟ್ಟ ಮೇಲೆ ಬಟ್ಟೆ ಅವರದು. ಒಬ್ಬ ಮಹಿಳೆ ತನ್ನ ಕೈಯಾರೆ ನೇಯ್ದ ಬುರ್ದಾವನ್ನು ತಂದು ಪ್ರವಾದಿ(ಸ)ರಿಗೆ ಕೊಟ್ಟರು. ಅವರಿಗೆ ಅದರ ಅಗತ್ಯವಿತ್ತು, ಉಟ್ಟುಕೊಂಡು ಬಂದರು. ಅಷ್ಟರಲ್ಲಿ ಒಬ್ಬರು ಅದನ್ನು ಕೇಳಿದರು, ಪ್ರವಾದಿ(ಸ)ರು ಕೊಟ್ಟೇಬಿಟ್ಟರು. ಉಳಿದವರು ಆಕ್ಷೇಪಿಸಿದಾಗ, ತನ್ನ ಕಫನಿಗಾಗಿ ಕೇಳಿದೆ ಎಂದರು ಆ ವ್ಯಕ್ತಿ. ಮುಂದೆ ಅದೇ ಅವರ ಕಫನಾಯಿತು ಎಂದು ಸಹ್ಲ್ ಬಿನ್ ಸಅದ್(ರ) ಹೇಳುತ್ತಾರೆ. ನೇಯ್ದವರು ನೆನೆಸಿದ್ದೊಂದು, ಬಟ್ಟೆ ಹೋಗಿ ಸೇರಿದ್ದು ಇನ್ನೊಂದು ಕಡೆ. ರೋಗಿ ಗುಣವಾಗಿ ಮನೆಗೆ ಹೋಗುವಾಗ ಅದನ್ನು ವಾರ್ಡಿನ ಇನ್ನೊಬ್ಬರಿಗೆ ಕೊಟ್ಟು ಹೋದರೆ ಬೇಸರ ಬೇಡ. ಅಲ್ಲಾಹನ ವಿಧಿ ಬೇರೆಯಾಗಿ ಅವರು ತೀರಿಕೊಂಡರೆ ಅದು ವಾರಸುದಾರರ ಸೊತ್ತು, ನೆನಪಿಗೆಂದು ನಾವು ಮರಳಿ ಕೇಳುವಂತಿಲ್ಲ. ಮಗಳು ಅದರ ಮೇಲೆ ನಮಾಝ್ ಮಾಡಬಹುದು. ಸವೆದು ಹರಿದ ಮೇಲೆ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸಲು ಹಿಡಿದರೂ ದೋಷವಿಲ್ಲ, ಹತ್ತಿ ನೂಲು ಆ ಕೆಲಸಕ್ಕೂ ಬರುತ್ತದೆ.