ಕರ್ಸರ್ ಕುಣಿದರೆ ಗೋಡೆಯ ಸಾಕೆಟ್ಟನ್ನೂ ನೋಡಿ

ಪ್ರೋಗ್ರಾಂ ಬರೆಯುತ್ತ ಕೂತಾಗ ಪರದೆ ಮಿಣುಕುತ್ತದೆ, ಅಕ್ಷರಗಳ ಮೇಲೆ ಕಪ್ಪು ಚೌಕಗಳು ಬಂದು ಕೂರುತ್ತವೆ. ಇಲ್ಲವೇ ಬೆರಳು ಎಡಕ್ಕೆ ಸರಿದರೆ ಕರ್ಸರ್ ಬಲಕ್ಕೆ ಹಾರಿ, ಬರೆದ ಸಾಲಿನ ನಡುವೆ ಹೋಗಿ ಕೂರುತ್ತದೆ. ಬಾಗಲಕೋಟೆಯ ನವನಗರದ ಹಾಸ್ಟೆಲ್ ಕೋಣೆಯಿರಲಿ, ಇಳಕಲ್ಲಿನ ಮನೆಯ ಪಡಸಾಲೆಯಿರಲಿ, ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ‘ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕು.’ ಅದಕ್ಕೂ ಬಗ್ಗದಿದ್ದರೆ ‘ಫಾರ್ಮ್ಯಾಟ್ ಮಾಡಿಸು.’ ಕಣ್ಣಿಗೆ ಕಾಣುವುದು ಕೋಡ್ ಬರೆಯುವ ಸಾಫ್ಟ್‌ವೇರ್ ಆದ್ದರಿಂದ ಮೊದಲ ಗುಮಾನಿ ಅದರ ಮೇಲೆಯೇ. ನನ್ನ ವಾದ ಇಷ್ಟು: ಈ ಸರದಿ ತಲೆಕೆಳಗಾಗಿದೆ. ಅದರಲ್ಲೂ ನಮ್ಮ ಈ ಊರುಗಳಲ್ಲಿ ಸಾಫ್ಟ್‌ವೇರಿಗೆ ಕೈ ಹಚ್ಚುವ ಮೊದಲು ಚಾರ್ಜರ್, ಸಾಕೆಟ್, ಬ್ಯಾಟರಿ ಮತ್ತು ಬಿಸಿಲನ್ನು ವಿಚಾರಿಸಿಕೊಳ್ಳುವುದು ಲೇಸು.

ಕುಣಿಯುವ ಕರ್ಸರಿನಿಂದಲೇ ಶುರು ಮಾಡೋಣ. ಟಚ್‌ಪ್ಯಾಡ್ ಬೆರಳಿನ ಒತ್ತಡವನ್ನು ಅಳೆಯುವುದಿಲ್ಲ, ಬೆರಳು ಹತ್ತಿರ ಬಂದಾಗ ಅದರ ಕೆಳಗಿನ ತಂತುಜಾಲದಲ್ಲಿ ಆಗುವ ವಿದ್ಯುತ್ ಧಾರಣೆಯ ವ್ಯತ್ಯಾಸವನ್ನು ಅಳೆಯುತ್ತದೆ. ಆ ವ್ಯತ್ಯಾಸ ಒಂದು ಪಿಕೋಫ್ಯಾರಡ್‌ನ ಆಸುಪಾಸಿನದು, ಅಂದರೆ ಒಂದು ಫ್ಯಾರಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಷ್ಟು ಸೂಕ್ಷ್ಮವಾದದ್ದನ್ನು ಕೆಡಿಸಲು ಹೆಚ್ಚೇನೂ ಬೇಕಿಲ್ಲ. ಅಡಾಪ್ಟರಿನೊಳಗೆ 230 ವೋಲ್ಟಿನ ಭಾಗಕ್ಕೂ ಲ್ಯಾಪ್‌ಟಾಪಿಗೆ ಹೋಗುವ ಕಡಿಮೆ ವೋಲ್ಟಿನ ಭಾಗಕ್ಕೂ ನಡುವೆ ಒಂದು ಪುಟ್ಟ ಕೆಪ್ಯಾಸಿಟರ್ ಇರುತ್ತದೆ. ವಿದ್ಯುತ್ ಗದ್ದಲವನ್ನು ತಡೆಯಲೆಂದೇ ಅದನ್ನು ಇಟ್ಟಿರುತ್ತಾರೆ. ಅದರ ಮೂಲಕ ಒಂದು ಮಿಲಿಆಂಪಿಯರ್‌ಗಿಂತ ಬಹಳ ಕಡಿಮೆ ಕರೆಂಟು ಸೋರುತ್ತದೆ. ಮೂರು ಪಿನ್ನಿನ ಅಡಾಪ್ಟರಿನಲ್ಲಿ ಈ ಸೋರಿಕೆ ಅರ್ಥಿಂಗ್ ತಂತಿ ಹಿಡಿದು ನೆಲಕ್ಕೆ ಇಳಿಯಬೇಕು. ಆ ದಾರಿ ಇಲ್ಲದಿದ್ದರೆ ಇಡೀ ಲ್ಯಾಪ್‌ಟಾಪ್ ನೆಲದಿಂದ ಹತ್ತಾರು ವೋಲ್ಟು ಮೇಲೆ ತೇಲುತ್ತದೆ. ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುವುದು ಇದಕ್ಕೇ. ಬರಿಗಾಲಲ್ಲಿ ನೆಲದ ಮೇಲೆ ಕೂತವರ ಬೆರಳು ನೆಲದ ಮಟ್ಟದಲ್ಲಿ, ಯಂತ್ರ ಇನ್ನೊಂದು ಮಟ್ಟದಲ್ಲಿ. ಈ ಅಂತರದಲ್ಲಿ ಚಾರ್ಜರಿನ ಗದ್ದಲವೆಲ್ಲ ಬೆರಳಿನ ಮೂಲಕವೇ ಟಚ್‌ಪ್ಯಾಡಿಗೆ ನುಗ್ಗುತ್ತದೆ. ಒಂದು ಬೆರಳು ಎರಡಾಗಿ ತೋರುತ್ತದೆ, ಕರ್ಸರ್ ಹಾರುತ್ತದೆ, ಬಯಸದ ಕ್ಲಿಕ್ಕುಗಳು ಬೀಳುತ್ತವೆ.

ಇದನ್ನು ಪರೀಕ್ಷಿಸಲು ದುಡ್ಡು ಬೇಡ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಕುಣಿತ ಅಲ್ಲೇ ನಿಂತರೆ ಕೋಡ್ ಎಡಿಟರಿನ ಮೇಲಿನ ಆಪಾದನೆ ಬಿದ್ದುಹೋಯಿತು. ಚಾರ್ಜರ್ ಹಾಕಿಕೊಂಡೇ ಇನ್ನೊಂದು ಕೈಯನ್ನು ಲ್ಯಾಪ್‌ಟಾಪಿನ ಲೋಹದ ಭಾಗದ ಮೇಲಿಟ್ಟಾಗ ಕರ್ಸರ್ ಸುಮ್ಮನಾದರೂ ಅದೇ ಸಾಕ್ಷಿ, ಮೈ ಮತ್ತು ಯಂತ್ರ ಒಂದೇ ಮಟ್ಟಕ್ಕೆ ಬಂದವು ಎಂದರ್ಥ. ಬಾಗಲಕೋಟೆಯ ವಿದ್ಯಾರ್ಥಿಗಳಿಗಂತೂ ಇನ್ನೊಂದು ಪರೀಕ್ಷೆ ತಾನಾಗಿಯೇ ನಡೆದಿರುತ್ತದೆ. 1963ರಲ್ಲಿ ಶುರುವಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದುವವರ ಲ್ಯಾಪ್‌ಟಾಪ್ ವಾರದ ದಿನ ಲ್ಯಾಬಿನಲ್ಲಿ, ರಾತ್ರಿ ಬಾಡಿಗೆ ಕೋಣೆಯಲ್ಲಿ, ರಜೆಯಲ್ಲಿ ಬಾದಾಮಿಯಲ್ಲೋ ಹುನಗುಂದದಲ್ಲೋ ಇರುತ್ತದೆ. ಯಂತ್ರ ಅದೇ, ಸಾಫ್ಟ್‌ವೇರ್ ಅದೇ, ಬದಲಾಗುವುದು ಗೋಡೆಯ ಸಾಕೆಟ್ಟು ಮಾತ್ರ. ಲ್ಯಾಬಿನಲ್ಲಿ ಸರಿಯಿದ್ದದ್ದು ಮನೆಯಲ್ಲಿ ಕುಣಿದರೆ ದೋಷ ಎಲ್ಲಿದೆ ಎಂದು ಬೇರೆ ಹೇಳಬೇಕೆ?

ನೆಲದ ವಿಚಾರ ಇಲ್ಲಿ ಬರಲೇಬೇಕು. ಅರ್ಥಿಂಗ್ ಎಂದರೆ ಬರೀ ಹಸಿರು ತಂತಿಯಲ್ಲ, ಅದರ ಕೊನೆಗೆ ಕರೆಂಟನ್ನು ಹೀರಿಕೊಳ್ಳುವ ಮಣ್ಣೂ ಇರಬೇಕು. ಬಾದಾಮಿಯದು ಮರಳುಗಲ್ಲು. ಚಾಲುಕ್ಯರು ಗುಹೆ ಕೊರೆದ ಅದೇ ಕೆಂಪು ಬಂಡೆ. ಇಳಕಲ್ಲಿನ ನೆಲದಡಿ ಹೊರದೇಶಗಳಿಗೂ ಹೋಗುವ ಕೆಂಪು ಗ್ರಾನೈಟ್. ಒಣ ಬಂಡೆ ಕರೆಂಟಿಗೆ ಒಡ್ಡುವ ತಡೆ ಹಸಿ ಜೇಡಿಗಿಂತ ನೂರಾರು ಪಟ್ಟು ಹೆಚ್ಚು. ಹುನಗುಂದದ ಎರೆ ಭೂಮಿ ಮಳೆಗಾಲದಲ್ಲಿ ಒಳ್ಳೆಯ ಅರ್ಥಿಂಗ್ ಕೊಡುತ್ತದೆ. ಆದರೆ ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಹೂತ ಪೈಪಿನಿಂದ ದೂರ ಸರಿಯುತ್ತದೆ. ಉಪ್ಪು, ಇದ್ದಿಲು ತುಂಬಿ ಆಗಾಗ ನೀರು ಹಾಕುವ ಹಳೆಯ ಪದ್ಧತಿ ಹುಟ್ಟಿದ್ದು ಇದಕ್ಕಾಗಿಯೇ. ಅರ್ಥಿಂಗ್ ಹೇಗಿರಬೇಕು ಎನ್ನುವುದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 3043 ಎಂಬ ಸಂಹಿತೆಯೇ ಇದೆ. ಮನೆ ಕಟ್ಟಿದ ವರ್ಷ ಹೂತ ಪೈಪನ್ನು ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ, ಅದು ಬೇರೆ ಮಾತು. ಹಳೆಯ ಕಲ್ಲುಮನೆಗಳಲ್ಲಿ ಮೂರು ತೂತಿನ ಸಾಕೆಟ್ಟಿದ್ದರೂ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲದಿರುವುದುಂಟು. ಇನ್ನು ಮೂರು ಪಿನ್ನನ್ನು ಎರಡಕ್ಕೆ ಇಳಿಸುವ ಅಗ್ಗದ ಕನ್ವರ್ಟರ್ ಹಾಕಿದರಂತೂ ಇದ್ದ ಅರ್ಥಿಂಗೂ ಹೋಯಿತು. ಒಂದು ಎಚ್ಚರಿಕೆ: ಅರ್ಥಿಂಗ್ ಇಲ್ಲವೆಂದು ಸಾಕೆಟ್ಟಿನಲ್ಲೇ ನ್ಯೂಟ್ರಲ್ಲನ್ನು ಅರ್ಥ್ ಪಿನ್ನಿಗೆ ಕಟ್ಟುವವರಿದ್ದಾರೆ. ಕರ್ಸರ್ ಸುಮ್ಮನಾಗಬಹುದು, ಆದರೆ ನ್ಯೂಟ್ರಲ್ ತಂತಿ ಕಡಿದ ದಿನ ಫ್ರಿಜ್ಜು, ಕೂಲರ್, ಲ್ಯಾಪ್‌ಟಾಪ್ ಎಲ್ಲದರ ಲೋಹದ ಮೈಗೂ ಪೂರ್ತಿ ಕರೆಂಟು ಬರುತ್ತದೆ. ಇದನ್ನು ಮಾಡಲೇಬಾರದು.

‘ನಮ್ಮಲ್ಲಿ ವೋಲ್ಟೇಜ್ ಕಡಿಮೆ, ಅದಕ್ಕೇ ಹೀಗೆ’ ಎನ್ನುವವರೂ ಇದ್ದಾರೆ. ಈ ಮಾತು ಅರ್ಧ ಸರಿ. ಈಗಿನ ಬಹುತೇಕ ಅಡಾಪ್ಟರುಗಳ ಬೆನ್ನ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಹೆಸ್ಕಾಂ ಲೈನಿನಲ್ಲಿ 230 ಇದ್ದದ್ದು 180ಕ್ಕೆ ಇಳಿದರೂ ಅವು ತಲೆ ಕೆಡಿಸಿಕೊಳ್ಳುವುದಿಲ್ಲ. ಆದ್ದರಿಂದ ಲ್ಯಾಪ್‌ಟಾಪಿಗೆಂದು ಸ್ಟೆಬಿಲೈಸರ್ ಕೊಳ್ಳುವುದು ವ್ಯರ್ಥ. ಹೊಡೆತ ಕೊಡುವುದು ಕ್ಷಣಮಾತ್ರ ಕರೆಂಟು ಹೋಗಿ ಬರುವುದು. ಪವರ್‌ಲೂಮುಗಳೂ ಕಲ್ಲು ಕತ್ತರಿಸುವ ಯಂತ್ರಗಳೂ ಇರುವ ಇಳಕಲ್ಲಿನಂಥ ಊರಿನಲ್ಲಿ ದೊಡ್ಡ ಮೋಟರ್ ಚಾಲೂ ಆದಾಗ ವೋಲ್ಟೇಜ್ ಒಮ್ಮೆ ಕುಸಿಯುವುದು ಸಹಜ. ಆ ಕುಸಿತ ಜೋರಾಗಿದ್ದರೆ ಲ್ಯಾಪ್‌ಟಾಪ್ ಅರೆಕ್ಷಣ ಬ್ಯಾಟರಿಗೆ ಹಾರಿ ಮತ್ತೆ ಚಾರ್ಜರಿಗೆ ಬರುತ್ತದೆ. ಹಾಗೆ ಹಾರಿದಾಗಲೆಲ್ಲ ಹಲವು ಯಂತ್ರಗಳು ಪರದೆಯ ಬೆಳಕನ್ನೋ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಮೂಡಿಸಬೇಕು ಎಂಬ ಲೆಕ್ಕವನ್ನೋ ಬದಲಿಸುತ್ತವೆ. ನೋಡುವವರಿಗೆ ಅದು ಪರದೆಯ ಮಿಣುಕು. ಬ್ಯಾಟರಿ ಚಿಹ್ನೆಯ ಮೇಲೆ ಕಣ್ಣಿಟ್ಟರೆ ಗುಟ್ಟು ಬಯಲಾಗುತ್ತದೆ.

‘ದುಬಾರಿ ಲ್ಯಾಪ್‌ಟಾಪ್ ಕೊಂಡರೆ ಇದೆಲ್ಲ ಇರುವುದಿಲ್ಲ’ ಎಂಬ ನಂಬಿಕೆಯೂ ನಿಲ್ಲುವಂಥದ್ದಲ್ಲ. ಲೋಹದ ಮೈಯ ದುಬಾರಿ ಯಂತ್ರಕ್ಕೆ ಎರಡು ಪಿನ್ನಿನ ಚಾರ್ಜರ್ ಕೊಟ್ಟರೆ ಜುಮ್ಮೆನಿಸುವುದು ಅದರಲ್ಲೇ ಹೆಚ್ಚು ಗೊತ್ತಾಗುತ್ತದೆ. ಬಿಸಿಲಿನ ವಿಷಯದಲ್ಲೂ ಅಷ್ಟೆ. ಆ್ಯಪಲ್ ತನ್ನ ಮ್ಯಾಕ್‌ಬುಕ್‌ಗಳನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವಿನ ವಾತಾವರಣದಲ್ಲಿ ಬಳಸಬೇಕು ಎಂದು ಹೇಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಉಷ್ಣಾಂಶ 40ರ ಆಸುಪಾಸಿಗೆ ಏರುತ್ತದೆ. ಅಂಥ ಮಧ್ಯಾಹ್ನ ಚಾರ್ಜರ್ ಹಾಕಿಯೇ ಇಟ್ಟು, ಹಾಸಿಗೆಯ ಮೇಲೆ ಗಾಳಿಕಿಂಡಿ ಮುಚ್ಚುವಂತೆ ಇಟ್ಟು, ಆ್ಯಂಡ್ರಾಯ್ಡ್ ಸ್ಟುಡಿಯೋದಂಥ ಭಾರದ ಸಾಫ್ಟ್‌ವೇರ್ ಓಡಿಸಿದರೆ ಬ್ಯಾಟರಿಯ ಆಯುಷ್ಯ ಬೇಗ ಕರಗುತ್ತದೆ. ಲಿಥಿಯಂ ಬ್ಯಾಟರಿ ಹಾಳಾಗುವಾಗ ಒಳಗೆ ಅನಿಲ ಹುಟ್ಟಿ ಉಬ್ಬುತ್ತದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಅದರ ಜಾಗ ಟಚ್‌ಪ್ಯಾಡಿನ ಕೆಳಗೇ. ಕ್ಲಿಕ್ ಬೀಳುತ್ತಿಲ್ಲ, ಟಚ್‌ಪ್ಯಾಡಿನ ಒಂದು ಅಂಚು ಮೇಲೆದ್ದಿದೆ, ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲ ಎಂದಾದರೆ ಡ್ರೈವರ್ ಬದಲಿಸುತ್ತ ಕೂರಬಾರದು. ಯಂತ್ರ ಆರಿಸಿ, ಚಾರ್ಜಿಗೆ ಹಾಕದೆ, ಒತ್ತದೆ, ಚುಚ್ಚದೆ ರಿಪೇರಿಯವರಿಗೆ ಒಯ್ಯಬೇಕು. ಇಲ್ಲಿ ತಡ ಮಾಡಿದರೆ ಬೆಂಕಿಯ ಅಪಾಯವಿದೆ.

ಈಗ ಪರದೆ. ಇಲ್ಲೂ ಮೊದಲ ಕೆಲಸ ದೋಷ ಯಾವ ಹಂತದ್ದು ಎಂದು ಬಿಡಿಸುವುದು, ಅದಕ್ಕೆ ಒಂದು ಸ್ಕ್ರೀನ್‌ಶಾಟ್ ಸಾಕು. ಪರದೆ ಕೆಟ್ಟು ಕಾಣುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಕಪ್ಪು ಚೌಕ, ಹರಿದ ಅಕ್ಷರ ಮೊಬೈಲಿನಲ್ಲೂ ಕಂಡರೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ: ಗ್ರಾಫಿಕ್ಸ್ ಚಿಪ್ಪು, ಅದರ ಡ್ರೈವರ್ ಅಥವಾ ಸಾಫ್ಟ್‌ವೇರ್. ಮೊಬೈಲಿನಲ್ಲಿ ಚಿತ್ರ ಶುದ್ಧವಾಗಿದ್ದರೆ ಕೆಡುವುದು ಆಮೇಲೆ: ಪರದೆಗೆ ಹೋಗುವ ಕೇಬಲ್, ಪ್ಯಾನೆಲ್, ಇಲ್ಲವೇ ಡ್ರೈವರಿನ ಕೊನೆಯ ಹಂತ. ಮುಚ್ಚಳವನ್ನು ಹಿಂದೆ ಮುಂದೆ ಆಡಿಸಿದಾಗ ಮಿಣುಕು ಬದಲಾದರೆ ಕೀಲಿನ ಬಳಿ ಕೇಬಲ್ ಸವೆದಿರುವ ಸಂಭವ ಹೆಚ್ಚು. ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣದ ಗೆರೆ ನಿಂತುಬಿಟ್ಟರೆ ಅದು ಪ್ಯಾನೆಲಿನ ಅಂಚಿನ ಜೋಡಣೆಯ ದೋಷವಾಗಿರುವ ಸಂಭವವೇ ಹೆಚ್ಚು. ಇಳಕಲ್ ಸೀರೆ ನೇಯುವವರಿಗೆ ಈ ತರ್ಕ ಹೊಸದಲ್ಲ. ದೋಷ ಸೀರೆಯ ಉದ್ದಕ್ಕೆ ಓಡಿದರೆ ಹಾಸಿನ ಎಳೆ ನೋಡುತ್ತಾರೆ, ಅಡ್ಡಕ್ಕೆ ಬಂದರೆ ಹೊಕ್ಕಿನದು. ಎಲ್ಲೋ ಒಂದು ಎಳೆ ಹೋಯಿತೆಂದು ಮಗ್ಗದ ಮೇಲಿನ ಹಾಸನ್ನೇ ಕತ್ತರಿಸಿ ಹೊಸದಾಗಿ ಹೂಡುವುದಿಲ್ಲ. ಫಾರ್ಮ್ಯಾಟ್ ಎಂದರೆ ಅದೇ.

ಬ್ರೌಸರ್, ವೀಡಿಯೊ ಎಲ್ಲ ಸರಿಯಿದ್ದು ಕೋಡ್ ಬರೆಯುವ ಸಾಫ್ಟ್‌ವೇರ್ ಮಾತ್ರ ಮಿಣುಕಿದರೆ? ಆಗ ಗುಮಾನಿ ನ್ಯಾಯವೇ. 2015ರಲ್ಲಿ ಬಂದ ವಿಷುಯಲ್ ಸ್ಟುಡಿಯೋ ಕೋಡ್ ನೋಡಲು ಸರಳವಾದ ಬರಹದ ಹಲಗೆ, ಒಳಗೆ ಮಾತ್ರ ಕ್ರೋಮ್ ಬ್ರೌಸರಿಗೆ ಮೂಲವಾದ ಕ್ರೋಮಿಯಂ ಇದೆ. ಅಕ್ಷರಗಳನ್ನು ಮೂಡಿಸಲು ಅದು ಗ್ರಾಫಿಕ್ಸ್ ಚಿಪ್ಪಿನ ನೆರವು ಪಡೆಯುತ್ತದೆ. ಎರಡು ಗ್ರಾಫಿಕ್ಸ್ ಚಿಪ್ಪುಗಳಿರುವ ಯಂತ್ರಗಳಲ್ಲಿ, ಹಳೆಯ ಡ್ರೈವರ್ ಉಳಿದ ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಈ ಹೊಂದಾಣಿಕೆ ತಪ್ಪುತ್ತದೆ. ಎಲ್ಲ ವಿಂಡೋ ಮುಚ್ಚಿ, ಟರ್ಮಿನಲ್ಲಿನಲ್ಲಿ ಆ ಸಾಫ್ಟ್‌ವೇರಿನ ಹೆಸರಿನ ಮುಂದೆ ‘ಡಿಸೇಬಲ್-ಜಿಪಿಯು’ ಎಂಬ ಸೂಚನೆ ಸೇರಿಸಿ ತೆರೆದರೆ ಅದು ಗ್ರಾಫಿಕ್ಸ್ ಚಿಪ್ಪನ್ನು ಬಿಟ್ಟು ಕೆಲಸ ಮಾಡುತ್ತದೆ. ಒಂದು ವಿಂಡೋ ತೆರೆದೇ ಇದ್ದರೆ ಸೂಚನೆ ತಾಗುವುದಿಲ್ಲ, ‘ಮಾಡಿ ನೋಡಿದೆ, ಆಗಲಿಲ್ಲ’ ಎನ್ನುವವರಲ್ಲಿ ಹಲವರು ಎಡವುವುದು ಇಲ್ಲಿ. ಮಿಣುಕು ನಿಂತರೆ ಸಾಫ್ಟ್‌ವೇರನ್ನು ತೆಗೆದುಹಾಕುವ ಅಗತ್ಯವಿಲ್ಲ, ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಹೊಸದು ಮಾಡಿಕೊಂಡರೆ ಬಹುಪಾಲು ಮುಗಿಯಿತು. ನಿಲ್ಲದಿದ್ದರೆ ಎಕ್ಸ್‌ಟೆನ್ಷನ್‌ಗಳ ಸರದಿ. ಅವುಗಳಲ್ಲಿ ಅರ್ಧವನ್ನು ಬಂದ್ ಮಾಡಿ, ದೋಷ ಯಾವ ಅರ್ಧದಲ್ಲಿದೆ ಎಂದು ಕೇಳುತ್ತ ಹೋಗುವ ಏರ್ಪಾಡು ಅದರೊಳಗೇ ಇದೆ. 32 ಎಕ್ಸ್‌ಟೆನ್ಷನ್‌ಗಳಿದ್ದರೂ ಐದೇ ಹೆಜ್ಜೆಯಲ್ಲಿ ಕಳ್ಳ ಸಿಗುತ್ತಾನೆ.

ದೋಷವೇ ಅಲ್ಲದ ದೋಷಗಳೂ ಇವೆ. ಟೈಪ್ ಮಾಡುವಾಗ ಟಚ್‌ಪ್ಯಾಡ್ ಸತ್ತಂತಾಗುವುದು ಅಂಗೈ ತಾಗಿ ಕರ್ಸರ್ ಹಾರದಿರಲೆಂದು ಇಟ್ಟ ವ್ಯವಸ್ಥೆ, ಬೇಡವೆಂದರೆ ಸೆಟ್ಟಿಂಗಿನಲ್ಲಿ ಆರಿಸಬಹುದು. ಟರ್ಮಿನಲ್ಲಿನಲ್ಲಿ ಕನ್ನಡ ಒಡೆದು ಕಾಣುವುದೂ ಪರದೆಯ ತಪ್ಪಲ್ಲ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಕೊಡುತ್ತದೆ. ಒತ್ತಕ್ಷರ, ಗುಣಿತ ಎಲ್ಲ ಕೂಡಿ ಒಂದೇ ಆಕಾರ ತಾಳುವ ನಮ್ಮ ಲಿಪಿ ಆ ಮನೆಗೆ ಹೊಂದುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ, ಯುನಿಕೋಡ್ ಅಲ್ಲದ ಬರಹವನ್ನು ಕೋಡ್ ಎಡಿಟರಿನಲ್ಲಿ ತೆರೆದರೆ ಗೋಜಲು ಚಿಹ್ನೆಗಳೇ ಕಾಣುತ್ತವೆ. ಅದಕ್ಕೆ ಬೇಕಾದದ್ದು ಯುನಿಕೋಡಿಗೆ ಪರಿವರ್ತನೆ, ಹೊಸ ಡಿಸ್‌ಪ್ಲೇ ಅಲ್ಲ.

ಇಷ್ಟಾದರೂ ಒಂದು ಗಟ್ಟಿ ಆಕ್ಷೇಪ ಉಳಿಯುತ್ತದೆ. ‘ಫಾರ್ಮ್ಯಾಟ್ ಮಾಡಿದರೆ ಎಷ್ಟೋ ಸಲ ಸರಿಯಾಗುತ್ತದಲ್ಲ? ನಾಳೆ ಪ್ರಾಜೆಕ್ಟ್ ಕೊಡಬೇಕಾದವರಿಗೆ ಈ ತನಿಖೆಗೆ ಹೊತ್ತೆಲ್ಲಿದೆ?’ ಸರಿಯಾಗುವುದು ನಿಜ. ಫಾರ್ಮ್ಯಾಟಿನ ಜೊತೆ ಡ್ರೈವರ್ ಹೊಸದಾಗಿರುತ್ತದೆ, ಯಂತ್ರ ತಣ್ಣಗಾಗಿರುತ್ತದೆ, ಅಂಗಡಿಯವರ ಒಳ್ಳೆಯ ಸಾಕೆಟ್ಟಿನಲ್ಲಿ ಪರೀಕ್ಷೆ ನಡೆದಿರುತ್ತದೆ. ಮೂರರಲ್ಲಿ ಯಾವುದು ಗುಣ ಮಾಡಿತೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಮನೆಗೆ ತಂದು ಅದೇ ಗೋಡೆಗೆ ಸಿಕ್ಕಿಸಿದರೆ ಕುಣಿತ ಮತ್ತೆ ಶುರುವಾಗಬಹುದು. ಹೊತ್ತಿನ ಲೆಕ್ಕವಂತೂ ಉಲ್ಟಾ. ಚಾರ್ಜರ್ ಕೀಳುವುದು, ಬೇರೆ ಮೌಸ್ ಸಿಕ್ಕಿಸುವುದು, ಸ್ಕ್ರೀನ್‌ಶಾಟ್ ತೆಗೆಯುವುದು ಎಲ್ಲ ಸೇರಿ ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಆಗುತ್ತದೆ. ಫಾರ್ಮ್ಯಾಟಿಗೆ ಅರ್ಧ ದಿನ ಬೇಕು, ಬ್ಯಾಕಪ್ ಇಲ್ಲದಿದ್ದರೆ ನಾಳೆ ಕೊಡಬೇಕಾದ ಪ್ರಾಜೆಕ್ಟೇ ಹೋಗುತ್ತದೆ.

ಈ ಬಿಡಿಸುವ ವಿದ್ಯೆಗೂ ಸೋಲುವ ಸಂದರ್ಭಗಳಿವೆ ಎಂದು ಒಪ್ಪಬೇಕು. ಎರಡು ದೋಷಗಳು ಒಟ್ಟಿಗೆ ಇದ್ದರೆ, ಉದಾಹರಣೆಗೆ ಸವೆದ ಕೇಬಲ್ಲೂ ಹಳೆಯ ಡ್ರೈವರೂ ಕೂಡಿದ್ದರೆ, ಒಂದನ್ನು ತೆಗೆದರೂ ಲಕ್ಷಣ ಹೋಗುವುದಿಲ್ಲ, ಪರೀಕ್ಷೆ ಸುಳ್ಳು ಹೇಳಿದಂತೆ ಕಾಣುತ್ತದೆ. ಎರಡು ದಿನಕ್ಕೊಮ್ಮೆ ಮಾತ್ರ ಬರುವ ಮಿಣುಕು ಇನ್ನೂ ಕಷ್ಟ. ಅಂಥದ್ದಕ್ಕೆ ಒಂದು ಚೀಟಿ ಇಡುವುದು ಒಳ್ಳೆಯದು: ಯಾವ ಹೊತ್ತಿನಲ್ಲಿ ಬಂತು, ಚಾರ್ಜರ್ ಹಾಕಿತ್ತೇ, ಯಂತ್ರ ಬಿಸಿಯಿತ್ತೇ, ನಿದ್ರೆಯಿಂದ ಎಬ್ಬಿಸಿದ ಮೇಲೆ ಬಂತೇ, ಯಾವ ಸಾಫ್ಟ್‌ವೇರ್ ತೆರೆದಿತ್ತು. ರಿಪೇರಿ ಅಂಗಡಿಯಲ್ಲಿ ‘ಡಿಸ್‌ಪ್ಲೇ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಪ್ಯಾನೆಲ್ ಬದಲಿಸುವ ಸಾವಿರಾರು ರೂಪಾಯಿಯ ಲೆಕ್ಕ ಎದುರಿಗೆ ಬರಬಹುದು. ‘ಸ್ಕ್ರೀನ್‌ಶಾಟಿನಲ್ಲಿ ಕಾಣುವುದಿಲ್ಲ, ಹೊರಗಿನ ಮಾನಿಟರಿನಲ್ಲೂ ಇಲ್ಲ, ಮುಚ್ಚಳ ಅರ್ಧ ಎತ್ತಿದಾಗ ಮಾತ್ರ ಬರುತ್ತದೆ’ ಎಂದರೆ ಅವರು ಮೊದಲು ಕೇಬಲ್ ಬಿಚ್ಚಿ ನೋಡುತ್ತಾರೆ. ಬಾಡಿಗೆ ಕೋಣೆಯ ಮಾಲೀಕರ ಹತ್ತಿರ ಕರ್ಸರ್ ಕುಣಿಯುವ ದೂರು ಒಯ್ದರೆ ನಕ್ಕಾರು. ‘ಮೂರನೇ ಪಿನ್ನಿಗೆ ಅರ್ಥಿಂಗ್ ಇಲ್ಲ, ಎಲೆಕ್ಟ್ರಿಷಿಯನ್ ಟೆಸ್ಟ್ ಮಾಡಿ ಹೇಳಿದ್ದಾರೆ, ಇದೇ ಲೈನಿಗೆ ನಿಮ್ಮ ಗೀಸರೂ ಇದೆ’ ಎಂದರೆ ನಗು ನಿಲ್ಲುತ್ತದೆ.