ಯಾರ ಮನಿಯವರಪಾ?

ಜತ್ತ ತಾಲ್ಲೂಕಿನ ಪೂರ್ವಭಾಗದ ಊರಿಗೆ ಹೊಸಬರು ಕಾಲಿಟ್ಟರೆ ಅಗಸಿ ದಾಟುವುದರೊಳಗೆ ಕಟ್ಟೆಯ ಮೇಲಿನ ಅಜ್ಜಿ ಕೇಳಿಯೇ ಕೇಳುತ್ತಾಳೆ: ‘ಯಾರ ಮನಿಯವರಪಾ? ಯಾ ಊರಾತು?’ ಜಿಲ್ಲೆ ಮಹಾರಾಷ್ಟ್ರದ ಸಾಂಗಲಿ, ಬೋರ್ಡುಗಳು ಮರಾಠಿ, ಪ್ರಶ್ನೆ ಮಾತ್ರ ಅಚ್ಚ ಕನ್ನಡ. ಕಬ್ಬಿನ ಹಂಗಾಮು ಬಂತೆಂದರೆ ಬರಗಾಲದ ಈ ಸೀಮೆಯಲ್ಲಿ ಎಷ್ಟೋ ಮನೆಗಳಿಗೆ ತಿಂಗಳುಗಟ್ಟಲೆ ಕೀಲಿ. ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯಲು ಗುಳೆ ಹೋಗಿರುತ್ತಾರೆ. ಆಗ ಓಣಿ ಕಾಯುವುದು ಈ ಪ್ರಶ್ನೆಯೇ. ಕದಿಯಲು ಬಂದವನಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ.

ಪಟ್ಟಣದ ಹೊಸ ಬಡಾವಣೆಗಳಲ್ಲಿ ಕಟ್ಟೆ ಹೋಗಿ ಕಂಪೌಂಡು ಬಂದಿದೆ, ಗೇಟಿನ ಮೇಲೆ ಸಿಸಿಟಿವಿ ಕೂತಿದೆ. ಕ್ಯಾಮೆರಾ ಮುಖ ಹಿಡಿದಿಡುತ್ತದೆ, ಸರಿ. ಆ ಮುಖ ಯಾರ ಮನೆಯದೆಂದು ಹೇಳಲು ಪಕ್ಕದ ಮನೆಯವರೇ ಬೇಕು.

ಕ್ಯಾಮೆರಾ ಇಲ್ಲದ ಕಾಲದಲ್ಲೂ ಕಾವಲಿಗೆ ನೆರೆಯವರೇ ಬೇಕಿತ್ತು. ಪೇಶ್ವೆಯ ನಾಡಿನ ಬಗ್ಗೆ 1819ರಲ್ಲಿ ಬ್ರಿಟಿಷ್ ಅಧಿಕಾರಿ ಎಲ್ಫಿನ್‌ಸ್ಟನ್ ಬರೆದ ವರದಿಯಲ್ಲಿ ಊರ ಕಾವಲುಗಾರನ ಕೆಲಸದ ವಿವರವಿದೆ. ಕಳವಾದರೆ ಅವನು ಕಳ್ಳನ ಹೆಜ್ಜೆಯ ಅಳತೆ ತೆಗೆದುಕೊಂಡು ಜಾಡು ಹಿಡಿಯುತ್ತಿದ್ದ. ಜಾಡು ಪಕ್ಕದ ಊರಿಗೆ ಹೋಗಿದೆಯೆಂದು ಅಲ್ಲಿಯ ಕಾವಲುಗಾರನಿಗೆ ಒಪ್ಪಿಗೆಯಾದರೆ ಮುಂದಿನ ಕೆಲಸ ಅವನದು. ಜಾಡು ಎಲ್ಲಿ ನಿಂತಿತೋ ಆ ಊರೇ ಕಳವಿಗೆ ಹೊಣೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಅಳತೆ. ಸಂಶಯವನ್ನು ಮೊದಲು ಅಳೆಯಬೇಕು, ಆಮೇಲೆ ಇನ್ನೊಬ್ಬರ ಕೈಗೆ ಒಪ್ಪಿಸಬೇಕು. ಹಳಬರು ಕಾವಲು ಅಂದದ್ದು ಇದಕ್ಕೆ.

2022ರ ಸೆಪ್ಟೆಂಬರ್ 13ರಂದು ಇದೇ ತಾಲ್ಲೂಕಿನ ಲವಂಗಾದಲ್ಲಿ ಆ ಅಳತೆ ತಪ್ಪಿತು. ಉತ್ತರ ಪ್ರದೇಶದ ನಾಲ್ವರು ಸಾಧುಗಳು ವಿಜಯಪುರದ ಕಡೆಯಿಂದ ಪಂಢರಪುರಕ್ಕೆ ಕಾರಿನಲ್ಲಿ ಹೊರಟಿದ್ದರು. ಹುಡುಗನೊಬ್ಬನಿಗೆ ದಾರಿ ಕೇಳಿದರು. ಮಕ್ಕಳ ಕಳ್ಳರೆಂಬ ಸಂಶಯ ಎದ್ದಿತು, ಮಾತಿಗೆ ಮಾತು ಬೆಳೆಯಿತು, ಬೆಲ್ಟು ಬಡಿಗೆಗಳು ಮೈಮೇಲೆ ಬಿದ್ದವು. ಉಮದಿ ಪೊಲೀಸರು ಬಂದು ವಿಚಾರಿಸಿದಾಗಲೇ ಅವರು ನಿಜವಾದ ಸಾಧುಗಳೆಂದು ಗೊತ್ತಾದದ್ದು. ನಾಲ್ವರೂ ಜೀವ ಉಳಿಸಿಕೊಂಡರು.

ನಮ್ಮ ನೆರೆಯ ಮಂಗಳವೇಢೆ ಸೀಮೆಯ ಅಲೆಮಾರಿಗಳಿಗೆ ಅಷ್ಟೂ ದಕ್ಕಲಿಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನಪಾಡಾದಲ್ಲಿ, ಭಿಕ್ಷೆ ಬೇಡಿ ಬದುಕುವ ನಾಥಪಂಥಿ ಡವರಿ ಗೋಸಾವಿ ಸಮುದಾಯದ ಐವರನ್ನು ಇದೇ ಸಂಶಯಕ್ಕೆ ಪಂಚಾಯಿತಿ ಕಚೇರಿಯ ಕೋಣೆಯಲ್ಲಿ ಕೂಡಿಹಾಕಿ ಬಡಿದು ಕೊಂದರು. ಅದೇ ತಿಂಗಳ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿ ಹೈದರಾಬಾದಿನ ಯುವಕನ ಪ್ರಾಣ ಹೋಯಿತು. ಅಲ್ಲಿ ಸುದ್ದಿ ಓಡಿದ್ದು ವಾಟ್ಸ್ಆ್ಯಪಿನಲ್ಲಿ. ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಆ ಕಂಪನಿ ಮಿತಿ ಹಾಕಿದ್ದು ಆ ಜುಲೈನಲ್ಲೇ.

ಫೋನನ್ನೇ ದೂರಬೇಕಿಲ್ಲ. ಮಹಾರಾಷ್ಟ್ರದ ಹಲವು ಜಿಲ್ಲೆಗಳಲ್ಲಿರುವ ‘ಗ್ರಾಮ ಸುರಕ್ಷಾ ಯಂತ್ರಣಾ’ದಲ್ಲಿ ಒಬ್ಬರು ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ಮಾತಾಡಿದರೆ, ಅವರದೇ ದನಿ ಒಮ್ಮೆಲೇ ಊರವರ ಫೋನುಗಳಿಗೆಲ್ಲ ಹೋಗುತ್ತದೆ. ದರೋಡೆಯಾಗಲಿ, ಬೆಂಕಿಯಾಗಲಿ, ನಡುರಾತ್ರಿ ಜನ ಓಡಿ ಬರುತ್ತಾರೆ. ಹಾಗೆ ಓಡಿ ಬಂದವರ ಕೈ ಎಲ್ಲಿ ನಿಲ್ಲಬೇಕು ಎಂಬುದನ್ನು ಕಾನೂನು ಹೇಳಿದೆ. ಕಣ್ಣೆದುರೇ ಜಾಮೀನಿಲ್ಲದ ಗಂಭೀರ ಅಪರಾಧ ಮಾಡಿದವನನ್ನು ಯಾರು ಬೇಕಾದರೂ ಹಿಡಿಯಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬರೀ ಸಂಶಯವಿದ್ದರೆ 112ಕ್ಕೆ ಫೋನ್ ಮಾಡಬೇಕು, ಪೊಲೀಸ್ ಪಾಟೀಲರನ್ನು ಕರೆಯಬೇಕು. ಕೈ ಎತ್ತುವ ಅಧಿಕಾರ ಯಾರಿಗೂ ಇಲ್ಲ.

ಜತ್ತ ಸೀಮೆಗೆ ಹೊರಗಿನವರು ಹೊಸಬರೇ? ಛಟ್ಟಿ ಅಮಾವಾಸ್ಯೆ ಬಂದರೆ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಸಾವಿರಾರು ಜನ ರಾತ್ರಿ ಹಗಲು ನಡೆದು ಇದೇ ಊರುಗಳನ್ನು ಹಾದು ಹೋಗುತ್ತಾರೆ. ಕಟ್ಟೆಯ ಅಜ್ಜಿ ಅವರನ್ನೂ ಬಿಡುವುದಿಲ್ಲ. ಯಾರ ಮನಿಯವರು, ಯಾ ಊರು, ಕೂಸಿನ ಕಾಲಿಗೆ ಏನಾತು ಅಂತ ಕೇಳುತ್ತಾಳೆ. ಕೇಳಿ, ಉತ್ತರ ಬರುವ ತನಕ ಕೈಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿರುತ್ತಾಳೆ.